ಎದೆ ಭಾರ ಇಳಿಸುವ ಆಪರೇಷನ್: ತಯಾರಿಯಿಂದ ಹೊಸ ಬ್ಲೌಸ್ ಅಳತೆಯವರೆಗೆ

ಎಂಟು ವರ್ಷ ಡಾಕ್ಟರ ಮುಂದೆ ಕೂತು ನಾನು ಹೇಳಿದ್ದು ‘ಬೆನ್ನು ನೋವು’ ಅಂತ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಫಿಸಿಯೋಥೆರಪಿಗೆ ಕಳಿಸಿದರು, ಕುತ್ತಿಗೆಗೆ ಪಟ್ಟಿ ಕೊಟ್ಟರು. ಎದೆ ಭಾರ ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ, ಅವರೂ ಕೇಳಲಿಲ್ಲ. ಸ್ತನ ಅಂದರೆ ಪುಸ್ತಕದ ಮಾತು, ಮೊಲೆ ಅಂದರೆ ಅವ್ವನ ಹತ್ತಿರ ಮಾತ್ರ ಆಡುವ ಮಾತು. ಕೊನೆಗೆ ಒಬ್ಬ ಲೇಡಿ ಡಾಕ್ಟರು ನನ್ನ ಹೆಗಲ ಮೇಲೆ ಬ್ರಾ ಪಟ್ಟಿ ಕೊರೆದಿದ್ದ ಕುಳಿಯಲ್ಲಿ ಬೆರಳಿಟ್ಟು, “ಇದು ಎಷ್ಟು ವರ್ಷದ್ದಮ್ಮಾ?” ಅಂದರು. ಅಲ್ಲಿಂದ ದಾರಿ ಬೇರೆಯಾಯಿತು.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ತವರು ಮಂಡ್ಯದ ಕಡೆ. 41ನೇ ವಯಸ್ಸಿನಲ್ಲಿ ಮೈಸೂರಿನಲ್ಲೇ ಸ್ತನ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಪರೇಷನ್ ಮೂರು ಗಂಟೆಯದು, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಅದಾದ ಮೇಲಿನ ಆರು ವಾರ ನಿಮ್ಮ ಎರಡೂ ಕೈಗೆ ರಜೆ: ಎತ್ತುವಂತಿಲ್ಲ, ಎಳೆಯುವಂತಿಲ್ಲ. ತಯಾರಿ ಬೇಕಿರುವುದು ಆ ಆರು ವಾರಕ್ಕೆ. ನನಗೆ ಅದನ್ನು ಮೊದಲೇ ಯಾರೂ ಒತ್ತಿ ಹೇಳಲಿಲ್ಲ.

ಮೊದಲು ಒಂದು ನೋಟ್‌ಬುಕ್ ಇಡಿ

ಸರ್ಜನ್ ಹತ್ತಿರ ಹೋಗುವ ಮೊದಲು ಎರಡು ಮೂರು ತಿಂಗಳು ಬರೆದಿಡಿ. ಕುತ್ತಿಗೆ, ಹೆಗಲು, ಬೆನ್ನು ಯಾವ ದಿನ ನೋಯಿತು, ಯಾವ ಮಾತ್ರೆ ನುಂಗಿದಿರಿ, ಬೆರಳು ಜೋಮು ಹಿಡಿಯಿತೇ, ಯಾವ ಕೆಲಸ ಅರ್ಧಕ್ಕೆ ಬಿಟ್ಟಿರಿ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಹಸಿಯಾಗುತ್ತದಲ್ಲ, ಅದರ ಫೋಟೋ ತಾರೀಖಿನ ಸಮೇತ ಇರಲಿ. ಡಾಕ್ಟರಿಗೂ ಇನ್ಶೂರೆನ್ಸ್‌ನವರಿಗೂ ಇದೇ ಸಾಕ್ಷಿ.

ಆ ಹಸಿಗೆ ಮೆಡಿಕಲ್ ಶಾಪಿನಿಂದ ಕೇಳಿ ತಂದ ಕ್ರೀಮು ಹಚ್ಚುತ್ತಿದ್ದರೆ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಫಂಗಸ್ ಹೋಗುವ ಬದಲು ಬೇರೂರುತ್ತದೆ. ಹೊಲಿಗೆ ಬೀಳುವ ಜಾಗವೂ ಅದೇ. ಮೊದಲು ಅದು ವಾಸಿಯಾಗಬೇಕು. ಇನ್ನು ಎದೆ ಇಳಿಸುವ ಎಣ್ಣೆ, ಕ್ಯಾಪ್ಸೂಲ್ ಅಂತ ಮೊಬೈಲಿನಲ್ಲಿ ಬರುವ ಜಾಹೀರಾತುಗಳಿಗೆ ದುಡ್ಡು ಸುರಿಯಬೇಡಿ. ನಾನು ಸುರಿದಿದ್ದೇನೆ.

ಡಾಕ್ಟರನ್ನು ಆರಿಸುವುದು

‘ಕಾಸ್ಮೆಟಿಕ್’ ಎಂದು ಬೋರ್ಡ್ ಹಾಕಿದವರೆಲ್ಲ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಇದೆಯೇ ನೋಡಿ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಇದೆಯೇ ಪರಿಶೀಲಿಸಿ. ಖಾಸಗಿಗೆ ಹೋಗುವ ಶಕ್ತಿ ಇಲ್ಲದಿದ್ದರೆ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೋ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೋ ವಿಚಾರಿಸಿ ನೋಡಬಹುದು. ಬೆಂಗಳೂರಿಗೆ ಹೋಗಬೇಕೇ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹತ್ತಿರದಲ್ಲೇ ಸರಿಯಾದವರು ಸಿಕ್ಕರೆ ಬೇಡ. ಡ್ರೆಸ್ಸಿಂಗಿಗೆ ನಾಲ್ಕೈದು ಸಲ ಹೋಗಬೇಕು. ರಾತ್ರಿ ಹನ್ನೊಂದಕ್ಕೆ ಒಂದು ಕಡೆ ಊದಿಕೊಂಡರೆ ನೂರೈವತ್ತು ಕಿಲೋಮೀಟರ್ ದೂರದ ಡಾಕ್ಟರು ಏನು ಮಾಡಿಯಾರು?

ಮೊದಲ ಭೇಟಿಯಲ್ಲಿ ಎದೆ ತೋರಿಸಬೇಕು, ಅಳತೆ ಕೊಡಬೇಕು, ಫೋಟೋ ತೆಗೆಯುತ್ತಾರೆ. ನರ್ಸ್ ಅಥವಾ ಮನೆಯವರು ಒಬ್ಬರು ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು. ಫೋಟೋದಲ್ಲಿ ಮುಖ ಬರಬಾರದು, ಅದನ್ನು ಯಾರು ಎಲ್ಲಿ ಇಡುತ್ತಾರೆ ಅನ್ನುವುದನ್ನು ಸಹಿ ಹಾಕುವ ಮೊದಲೇ ಕೇಳಿ. ಜೊತೆಗೆ ಈ ಪ್ರಶ್ನೆಗಳನ್ನೂ ಬರೆದುಕೊಂಡು ಹೋಗಿ: ಗಾಯದ ಗೆರೆ ಎಲ್ಲೆಲ್ಲಿ ಬರುತ್ತದೆ? ತೊಟ್ಟಿಗೆ ರಕ್ತದ ಹರಿವನ್ನು ಯಾವ ಕಡೆಯಿಂದ ಉಳಿಸಿಕೊಳ್ಳುತ್ತೀರಿ? ಅಂದಾಜು ಎಷ್ಟು ಗ್ರಾಂ ತೆಗೆಯುತ್ತೀರಿ? ಒಳಗೆ ನಿಂತ ರಕ್ತ, ನೀರು ಹೊರಹೋಗುವ ಕೊಳವೆ (ಡ್ರೈನ್) ಹಾಕುತ್ತೀರಾ? ಮತ್ತೆ ತಿದ್ದಬೇಕಾಗಿ ಬಂದರೆ ಖರ್ಚು ಯಾರದು?

ಗೆರೆಯ ಬಗ್ಗೆ ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಎರಡು ರೀತಿ. ಒಂದರಲ್ಲಿ ತೊಟ್ಟಿನ ಸುತ್ತ ಒಂದು ಸುತ್ತು, ಅಲ್ಲಿಂದ ಕೆಳಕ್ಕೆ ಒಂದು ನೇರ ಗೆರೆ. ಇನ್ನೊಂದರಲ್ಲಿ ಅದರ ಜೊತೆಗೆ ಎದೆಯ ಕೆಳಮಡಿಕೆಯ ಉದ್ದಕ್ಕೂ ಒಂದು ಅಡ್ಡ ಗೆರೆ, ನೋಡಲು ಲಂಗರಿನ ಹಾಗೆ. ಹೆಚ್ಚು ತೆಗೆಯಬೇಕಾದಾಗ, ಚರ್ಮ ಬಹಳ ಜೋತುಬಿದ್ದಿದ್ದಾಗ ಎರಡನೆಯದನ್ನು ಮಾಡುತ್ತಾರೆ. ನನ್ನದು ಅದೇ. ನೇರ ಗೆರೆ ಅಡ್ಡ ಗೆರೆಗೆ ಸೇರುವ ಮೂಲೆಯೇ ಇಡೀ ಹೊಲಿಗೆಯಲ್ಲಿ ದುರ್ಬಲ ಜಾಗ. ಅದರ ಕಥೆ ಮುಂದೆ ಬರುತ್ತದೆ.

‘ಇಂಥ ಕಪ್ ಸೈಜು ಮಾಡಿಕೊಡಿ’ ಎಂದು ಕೇಳಬಹುದು, ಆದರೆ ಯಾವ ಒಳ್ಳೆಯ ಸರ್ಜನ್ನೂ ಅದಕ್ಕೆ ಗ್ಯಾರಂಟಿ ಕೊಡುವುದಿಲ್ಲ. ತೊಟ್ಟಿಗೆ ರಕ್ತ ಹರಿಯಲು ಬೇಕಾದಷ್ಟು ಒಳಭಾಗ ಉಳಿಸಲೇಬೇಕು. ರಕ್ತ ಸಾಲದೆ ತೊಟ್ಟೇ ಹೋಗುವುದು ಅಪರೂಪ, ಆದರೆ ಇಲ್ಲವೆಂದಿಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗುವುದು, ಎರಡೂ ಕಡೆ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಬರುವುದು ಅಷ್ಟು ಅಪರೂಪವಲ್ಲ.

ಮದುವೆ, ಮಗು ಇನ್ನೂ ಮುಂದಿರುವ ಹೆಣ್ಣುಮಕ್ಕಳಿಗೆ: ಬೆಳವಣಿಗೆ ನಿಂತ ಮೇಲೆ ಮಾಡಿಸುವುದು ವಾಡಿಕೆ. ಬಸುರಿಯಾದಾಗ ಮತ್ತೆ ದಪ್ಪವಾಗಬಹುದು, ಹಾಲು ಕಡಿಮೆಯಾಗಬಹುದು. ಕೆಲವರು ಪೂರ್ತಿ ಕುಡಿಸುತ್ತಾರೆ, ಕೆಲವರಿಗೆ ಆಗುವುದಿಲ್ಲ, ಯಾರಿಗೆ ಯಾವುದು ಎಂದು ಮೊದಲೇ ಹೇಳಲಾಗದು. ಇದನ್ನೆಲ್ಲ ತಿಳಿದೂ ಮಾಡಿಸಿಕೊಳ್ಳುತ್ತೇನೆ ಅಂದರೆ ಅದು ಆಕೆಯ ತೀರ್ಮಾನ. ‘ಮದುವೆ ಆಗಲಿ ತಡಿ’ ಅನ್ನುವವರು ಆ ಭಾರ ಹೊರುವುದಿಲ್ಲ. ಹಾಲು ಬಿಡಿಸಿದ ತಾಯಂದಿರು ಕನಿಷ್ಠ ಆರು ತಿಂಗಳಾದರೂ ಕಾಯಬೇಕು.

ದುಡ್ಡಿನ ಲೆಕ್ಕ

ಆರೋಗ್ಯ ವಿಮೆಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ನಿಗದಿ ಮಾಡಿರುವ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಎಂಟನೆಯದು ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ. ಕ್ಲೇಮು ತಿರಸ್ಕಾರವಾಗುವುದು ಇಲ್ಲೇ. ಆದರೆ ಅದರಲ್ಲೇ ಒಂದು ಕಿಂಡಿಯೂ ಇದೆ: ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ವೈದ್ಯಕೀಯವಾಗಿ ಅಗತ್ಯ ಎಂದು ಚಿಕಿತ್ಸೆ ಮಾಡುವ ಡಾಕ್ಟರು ಪ್ರಮಾಣೀಕರಿಸಿದರೆ ಪರಿಗಣಿಸಬಹುದು. ಹಾಗಾಗಿ ಅಡ್ಮಿಟ್ ಆಗುವ ಮೊದಲೇ ಪ್ರೀ-ಆಥರೈಸೇಷನ್, ಅಂದರೆ ವಿಮೆ ಕಂಪನಿಯ ಮುಂಗಡ ಒಪ್ಪಿಗೆಗೆ ಅರ್ಜಿ ಹಾಕಿಸಿ. ನೋಟ್‌ಬುಕ್ಕು, ಚರ್ಮದ ಡಾಕ್ಟರ ಚೀಟಿ, ಫಿಸಿಯೋಥೆರಪಿ ಬಿಲ್ಲು ಎಲ್ಲ ಲಗತ್ತಿಸಿ. ಅಮೆರಿಕದಲ್ಲಿ 1991ರಿಂದ ಶ್ನರ್ ಅಳತೆಪಟ್ಟಿ ಅಂತ ಒಂದಿದೆ, ಮೈಯ ವಿಸ್ತೀರ್ಣಕ್ಕೆ ತಕ್ಕ ಹಾಗೆ ಎಷ್ಟು ಗ್ರಾಂ ತೆಗೆದರೆ ಅದು ಚಿಕಿತ್ಸೆ ಅನ್ನಿಸಿಕೊಳ್ಳುತ್ತದೆ ಎಂದು ಹೇಳುವ ಲೆಕ್ಕ. ನಮ್ಮ ಡಾಕ್ಟರು ಅದನ್ನೂ ಪತ್ರದಲ್ಲಿ ಸೇರಿಸಿದ್ದರು. ನನಗೆ ಮೊದಲು ‘ಇಲ್ಲ’ ಅಂತ ಬಂತು, ಎರಡನೇ ಪತ್ರಕ್ಕೆ ಒಂದು ಭಾಗ ಮಂಜೂರಾಯಿತು.

ಆಸ್ಪತ್ರೆಯಿಂದ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಕೇಳಿ. ಸರ್ಜನ್, ಅನಸ್ತೇಷಿಯಾ, ಓಟಿ (ಆಪರೇಷನ್ ಕೋಣೆ), ವಾರ್ಡು, ಔಷಧಿ ಮಾತ್ರ ಬರೆದಿರುತ್ತಾರೆ. ತೆಗೆದ ಭಾಗದ ಪರೀಕ್ಷೆ, ಸರ್ಜಿಕಲ್ ಬ್ರಾ, ಆಮೇಲಿನ ಡ್ರೆಸ್ಸಿಂಗ್ ಬಿಟ್ಟುಹೋಗಿರುತ್ತವೆ. ರೂಪಕ್ಕಾಗಿ ಮಾಡುವ ಸರ್ಜರಿ ಎಂದು ಬರೆದರೆ ಜಿಎಸ್‌ಟಿ ಸೇರುತ್ತದೆ, ಅದನ್ನೂ ಕೇಳಿ.

ಯಾವ ತಿಂಗಳು?

ಬೇಸಿಗೆ ಬೇಡ. ಏಪ್ರಿಲ್ ಸೆಕೆಯಲ್ಲಿ ಹಗಲೂ ರಾತ್ರಿ ಬಿಗಿ ಬ್ರಾ ಹಾಕಿಕೊಂಡು ಕೂರುವುದು ಶಿಕ್ಷೆ. ಡಿಸೆಂಬರಿನಿಂದ ಫೆಬ್ರವರಿ ಹಿತ. ನಾನು ರಜೆ ಉಳಿಯಲಿ ಅಂತ ದಸರಾ ರಜೆಗೆ ಇಟ್ಟುಕೊಂಡೆ, ಅದು ನನ್ನ ದೊಡ್ಡ ತಪ್ಪು. ದಸರಾದಲ್ಲಿ ಮೈಸೂರಿನವರ ಮನೆ ನೆಂಟರ ಛತ್ರ, ರಸ್ತೆಗಳು ಬಂದ್, ಆಟೋ ಸಿಗದು. ಹಬ್ಬ, ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ಆರು ವಾರ ಹುಡುಕಿ.

ಮೈಯನ್ನು ಸಿದ್ಧ ಮಾಡುವುದು

ರಕ್ತ, ಸಕ್ಕರೆ, ಥೈರಾಯ್ಡ್, ಇಸಿಜಿ ಪರೀಕ್ಷೆ ಬರೆದುಕೊಡುತ್ತಾರೆ. ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಮ್ (ಎದೆಯ ಎಕ್ಸ್‌ರೇ ಥರದ ಸ್ತನ ಪರೀಕ್ಷೆ), ಕಿರಿಯರಿಗೆ ಅಲ್ಟ್ರಾಸೌಂಡ್ ಸ್ಕ್ಯಾನ್. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಆ ಪರೀಕ್ಷೆಯನ್ನು ಎರಡು ಮೂರು ತಿಂಗಳ ಮೊದಲೇ ಮಾಡಿಸಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿರಲೇಬೇಕು. ತೂಕ ಏರಿಳಿಯುತ್ತಿದ್ದರೆ ಮೊದಲು ಒಂದು ಕಡೆ ನಿಲ್ಲಲಿ.

ಹೊಗೆಸೊಪ್ಪು. ಸಿಗರೇಟು ಸೇದುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ, ನಮ್ಮ ಹೆಂಗಸರು ಇಲ್ಲ ಅಂದುಬಿಡುತ್ತಾರೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವುದು ಲೆಕ್ಕಕ್ಕೇ ಬರುವುದಿಲ್ಲ. ಅದರಲ್ಲೂ ಇರುವುದು ಅದೇ ನಿಕೋಟಿನ್. ಅದು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಗಾಯ ಮಾಯದೆ ಚರ್ಮ ಕಪ್ಪಾಗಿ ಸಾಯಬಹುದು. ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ ಪೂರ್ತಿ ಬಿಡಬೇಕು. ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಿ.

ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ, ಆಯುರ್ವೇದದ ಪುಡಿ, ಮುಟ್ಟು ಮುಂದೂಡುವ ಅಥವಾ ಗರ್ಭನಿರೋಧಕ ಮಾತ್ರೆ ಏನಿದ್ದರೂ ಚೀಟಿಯಲ್ಲಿ ಬರೆದು ಕೊಡಿ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ, ಕೆಲವು ರಕ್ತ ಹೆಪ್ಪುಗಟ್ಟಿಸುತ್ತವೆ. ಹೃದಯದ ಕಾಯಿಲೆಗೆ ಕೊಟ್ಟ ಆಸ್ಪಿರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಮನೆಯನ್ನು ಸಿದ್ಧ ಮಾಡುವುದು

ಒಂದು ದಿನ ಬೆಳಗಿನಿಂದ ರಾತ್ರಿವರೆಗೆ ನಿಮ್ಮ ಕೈಯನ್ನು ಗಮನಿಸಿ. ಎಷ್ಟು ಸಲ ಹೆಗಲಿನಿಂದ ಮೇಲೆ ಹೋಗುತ್ತದೆ, ಎಷ್ಟು ಸಲ ಎಳೆಯುತ್ತದೆ, ನೂಕುತ್ತದೆ? ನಾನು ಎಣಿಸಿದೆ. ಸ್ಟೀಲ್ ಡಬ್ಬ ಇಳಿಸುವುದು, ತಂತಿಗೆ ಬಟ್ಟೆ ಹಾಕುವುದು, ಬಾಗಿಲ ತೋರಣ ಕಟ್ಟುವುದು, ತುಂಬಿದ ಬಕೆಟ್ಟು, ಕುಕ್ಕರ್, ಸ್ಕೂಟರಿನ ಡಬಲ್ ಸ್ಟ್ಯಾಂಡು. ಎಲ್ಲಕ್ಕಿಂತ ಕಷ್ಟದ್ದು ಮುದ್ದೆ ತೊಳಸುವುದು. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಲ್ಲಿ ಕೋಲು ತಿರುಗಿಸುವಾಗ ಇಡೀ ಎದೆಯ ಸ್ನಾಯು ಕೆಲಸ ಮಾಡುತ್ತದೆ. ಆರು ವಾರ ಅದರ ಹತ್ತಿರ ಸುಳಿಯಬೇಡಿ. ಎರಡು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು ಅಂದರು ನಮ್ಮ ಡಾಕ್ಟರು. ನೀರು ತುಂಬಿದ ಬಿಂದಿಗೆ ಅದಕ್ಕಿಂತ ಎಷ್ಟೋ ಪಾಲು ಭಾರ.

ಹಾಗಾಗಿ ದಿನಬಳಕೆಯದೆಲ್ಲ ಸೊಂಟದಿಂದ ಎದೆಯ ಎತ್ತರದೊಳಗೆ ಇಳಿಸಿಡಿ. ನೆಲದ ಮೇಲೆ ಚಾಪೆ ಹಾಸಿ ಮಲಗುವವರು ಮಂಚ ಹೊಂದಿಸಿಕೊಳ್ಳಿ, ನೆಲದಿಂದ ಏಳಲು ಕೈ ಊರಲೇಬೇಕಾಗುತ್ತದೆ. ಕುಕ್ಕರಗಾಲಿನ ಪಾಯಿಖಾನೆಗೂ ಇದೇ ತೊಂದರೆ. ವೆಸ್ಟರ್ನ್ ಇಲ್ಲದಿದ್ದರೆ ಮೇಲಿಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಸ್ಟೂಲು. ಉದ್ದ ಕೂದಲಿದ್ದರೆ ಹಿಂದಿನ ದಿನ ಎಣ್ಣೆ ನೀರು ಎರೆಸಿಕೊಂಡು ಎರಡು ಜಡೆ ಹಾಕಿಸಿ, ಮುಂದೆ ಎರಡು ಮೂರು ವಾರ ತಲೆಗೆ ಬೇರೆಯವರ ಕೈಯೇ ಗತಿ.

ಬಟ್ಟೆ ವಿಷಯದಲ್ಲಿ ನಮ್ಮ ಊರಿನ ಅಂಗಡಿಗಳಲ್ಲೇ ಪರಿಹಾರ ಇದೆ: ಬಾಣಂತಿಯರ ಫೀಡಿಂಗ್ ನೈಟಿ. ಮುಂದೆ ಉದ್ದ ಝಿಪ್ಪು, ಸಡಿಲ ತೋಳು. ನಾಲ್ಕು ತಂದುಕೊಳ್ಳಿ. ತಲೆಯ ಮೇಲಿಂದ ಹಾಕುವ ಯಾವುದೂ ಬೇಡ. ಹಾಗಾಗಿ ಝಿಪ್ಪು ಹೊಟ್ಟೆಯವರೆಗಾದರೂ ಇಳಿಯಬೇಕು, ಕಾಲಿನಿಂದ ಹತ್ತಿಸಿಕೊಳ್ಳಬಹುದು. ಸರ್ಜಿಕಲ್ ಬ್ರಾ ಮುಂದೆ ಹುಕ್ಕಿನದು, ತಂತಿ ಇಲ್ಲದ್ದು, ಎರಡು ಬೇಕು.

ಜೊತೆಗೊಬ್ಬರು. ಮೊದಲ ವಾರ ಪೂರ್ತಿ, ಆಮೇಲೆ ಎರಡು ವಾರ ಅರ್ಧ ದಿನ. ಯಾರು ಎನ್ನುವುದನ್ನು ಸಂಕೋಚ ಬಿಟ್ಟು ಮೊದಲೇ ಗೊತ್ತು ಮಾಡಿ. ನನ್ನ ಅವ್ವ ಊರಿಂದ ಬಂದಳು. ಬಂದವಳೇ, “ಏನ್ ಆಪರೇಸನ್ನು ಅಂತ ಕೇಳ್ದೋರ್ಗೆ ಗೆಡ್ಡೆ ಅಂದಿವ್ನಿ, ನೀನೂ ಹಂಗೇ ಅನ್ನು” ಅಂದಳು. ನಕ್ಕರೆ ಹೊಲಿಗೆ ಎಳೆಯುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಆ ದಿನ

ಗಟ್ಟಿ ಆಹಾರ ಆರು ಗಂಟೆ ಮೊದಲೇ, ನೀರು ಎರಡು ಗಂಟೆ ಮೊದಲು ನಿಲ್ಲಿಸುವುದು ಸಾಮಾನ್ಯ ನಿಯಮ. ನಿಮ್ಮ ಅನಸ್ತೇಷಿಯಾ ಡಾಕ್ಟರು ಹೇಳಿದ್ದೇ ಕೊನೆ. ಉಗುರುಬಣ್ಣ, ಬಳೆ, ಮೂಗುತಿ, ತಾಳಿ ಎಲ್ಲ ತೆಗೆಯಬೇಕು. ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇರಬಾರದು. ತಾಳಿ ವಿಷಯದಲ್ಲಿ ಮನೆಯಲ್ಲಿ ತಕರಾರು ಬರುವುದಾದರೆ ಹಿಂದಿನ ವಾರವೇ ಮುಗಿಸಿಕೊಳ್ಳಿ, ಓಟಿ ಬಾಗಿಲಲ್ಲಲ್ಲ. ನಾನು ಅರಿಶಿನದ ದಾರ ಕಟ್ಟಿಕೊಂಡು ಹೋದೆ, ನರ್ಸ್ ಅದನ್ನೂ ಬಿಚ್ಚಿ ಅವ್ವನ ಕೈಗೆ ಕೊಟ್ಟರು.

ಆಮೇಲೆ ಡಾಕ್ಟರು ನಿಲ್ಲಿಸಿಕೊಂಡು ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಮಲಗಿದರೆ ಎದೆ ಪಕ್ಕಕ್ಕೆ ಸರಿಯುತ್ತದೆ, ಅದಕ್ಕೇ ನಿಂತೇ ಆಗಬೇಕು. ಕತ್ತಿನ ಬುಡದಿಂದ ಟೇಪು ಇಳಿಬಿಟ್ಟು, ತೊಟ್ಟು ಹೊಸದಾಗಿ ಕೂರುವ ಜಾಗಕ್ಕೆ ಚುಕ್ಕೆ ಇಟ್ಟರು. ಈಗಿರುವ ಜಾಗಕ್ಕಿಂತ ಎಷ್ಟೋ ಮೇಲೆ. ಗಣಿತದ ಮೇಷ್ಟ್ರಿಗೆ ಕಂಪಾಸು ಹಿಡಿದವರನ್ನು ಕಂಡ ಸಮಾಧಾನ.

ಎಚ್ಚರವಾದಾಗ ಎರಡೂ ಪಕ್ಕ ಸಣ್ಣ ಕೊಳವೆ, ತುದಿಗೆ ಬಲ್ಬಿನ ಥರದ ಪುಟ್ಟ ಸೀಸೆ. ಅದೇ ಡ್ರೈನು. ಎಲ್ಲರಿಗೂ ಹಾಕುವುದಿಲ್ಲ, ನನಗೆ ಎರಡನೇ ದಿನ ತೆಗೆದರು. ಬಲಗಡೆ 620 ಗ್ರಾಂ, ಎಡಗಡೆ 580 ತೆಗೆದಿದ್ದರು. ಅವ್ವ ಅದನ್ನು ಸೇರಿನ ಲೆಕ್ಕಕ್ಕೆ ಹಾಕಿ ಅರ್ಧ ದಿನ ಮಾತೇ ಆಡಲಿಲ್ಲ. ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರೆ, ಆ ರಿಪೋರ್ಟು ಕೇಳಿ ಪಡೆದು ಫೈಲಿನಲ್ಲಿಡಿ.

ಮನೆಗೆ ಕಾರಿನಲ್ಲೇ ಬನ್ನಿ. ಸೀಟ್ ಬೆಲ್ಟಿಗೂ ಎದೆಗೂ ನಡುವೆ ಒಂದು ಪುಟ್ಟ ದಿಂಬು. ಹಂಪು ಬಂದಾಗ ನಿಧಾನಿಸಿ ಅಂತ ಡ್ರೈವರ್‌ಗೆ ಮೊದಲೇ ಹೇಳಿ.

ಮೊದಲ ವಾರ

ನೋವು ನಾನು ಹೆದರಿದಷ್ಟು ಇರಲಿಲ್ಲ, ಬಿಗಿತ ಮಾತ್ರ ಹೆದರಿದ್ದಕ್ಕಿಂತ ಹೆಚ್ಚು. ಮಾತ್ರೆಯನ್ನು ನೋವು ಬಂದ ಮೇಲೆ ನುಂಗುವುದಲ್ಲ, ಮೊದಲ ಮೂರು ದಿನ ಹೇಳಿದ ಗಂಟೆಗೆ ನುಂಗಿ. ಬೆನ್ನಿಗೆ ಮೂರು ದಿಂಬು ಕೊಟ್ಟು ಒರಗಿ ಅಂಗಾತ ಮಲಗಬೇಕು. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಜೊತೆಗಿರುವವರು ಬೆನ್ನಿಗೆ ಕೈ ಕೊಟ್ಟು ಎಬ್ಬಿಸಲಿ. ಕೈ ಹಿಡಿದು ಎಳೆಯಬಾರದು. ಆಸ್ಪತ್ರೆಯಲ್ಲಿದ್ದಾಗಿನಿಂದಲೇ ಸ್ವಲ್ಪ ಸ್ವಲ್ಪ ಓಡಾಡುವುದು ಮುಖ್ಯ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು.

ಊಟದ ವಿಷಯದಲ್ಲಿ ಯುದ್ಧ ಗ್ಯಾರಂಟಿ. ಬದನೆಕಾಯಿ ನಂಜು, ಮೊಟ್ಟೆ ಕೀವು ಕಟ್ಟುತ್ತೆ, ಮೊಸರು ಶೀತ, ನೀರು ಕಮ್ಮಿ ಕುಡಿ ಅಂತ ಬಾಣಂತಿ ಪಥ್ಯವನ್ನೇ ತಂದಿಡುತ್ತಾರೆ. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು. ಮೊಟ್ಟೆ, ಮೊಸರು, ಬೇಳೆ, ಕೋಳಿ ಸಾರು, ಮೊಳಕೆ ಹೆಸರುಕಾಳು ಯಾವುದೂ ನಂಜಲ್ಲ. ನಾನೂ ಅವ್ವನೂ ಹುರುಳಿಕಾಳು ಉಪ್ಸಾರಿನಲ್ಲಿ ರಾಜಿಯಾದೆವು. ಇನ್ನೊಂದು: ಬಲವಾದ ನೋವಿನ ಮಾತ್ರೆಗಳಿಂದ ಮಲಬದ್ಧತೆ ಬರುತ್ತದೆ, ತಿಣುಕಿದರೆ ಹೊಲಿಗೆಗೆ ಒತ್ತಡ. ಮೊದಲ ದಿನದಿಂದಲೇ ನೀರು, ಪರಂಗಿ ಹಣ್ಣು, ಬೇಕಾದರೆ ಡಾಕ್ಟರನ್ನು ಕೇಳಿ ಇಸಬ್‌ಗೋಲು.

ಮೊದಲ ಸಲ ಬ್ಯಾಂಡೇಜು ಬಿಚ್ಚಿದಾಗ ಕೂತುಕೊಂಡೇ ನೋಡಿ, ತಲೆ ಸುತ್ತುತ್ತದೆ. ಎದೆ ಚೌಕಾಕಾರವಾಗಿ, ತೀರ ಮೇಲೆ ಕೂತ ಹಾಗೆ, ಊದಿ, ನೀಲಿಗಟ್ಟಿ ಇರುತ್ತದೆ. ನಾಲ್ಕನೇ ದಿನ ನಾನು ಕಾರಣವಿಲ್ಲದೆ ಅತ್ತೆ. ಮೂರರಿಂದ ಆರು ತಿಂಗಳಲ್ಲಿ ಅದು ಇಳಿದು ಆಕಾರಕ್ಕೆ ಬರುತ್ತದೆ.

ಕೂಡಲೇ ಫೋನ್ ಮಾಡಬೇಕಾದದ್ದು

ಒಂದೇ ಕಡೆ ಹಠಾತ್ತನೆ ಊದಿ ಕಲ್ಲಿನ ಹಾಗೆ ಬಿಗಿಯಾದರೆ ಒಳಗೆ ರಕ್ತ ತುಂಬುತ್ತಿರಬಹುದು. ತೊಟ್ಟು ನೀಲಿ ಅಥವಾ ಕಪ್ಪಾದರೆ, 101 ಡಿಗ್ರಿ ದಾಟಿ ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ಕೀವು ಅಥವಾ ವಾಸನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮೀನಖಂಡ ನೋವು, ಊತ, ಏದುಸಿರು, ಎದೆಯೊಳಗೆ ಚುಚ್ಚುವ ನೋವು ಬಂದರೆ ಫೋನೂ ಬೇಡ, 108 ಕರೆದು ಹತ್ತಿರದ ಎಮರ್ಜೆನ್ಸಿಗೆ ಹೋಗಿ. ಮಿಂಚು ಹೊಡೆದ ಹಾಗೆ ಆಗೊಮ್ಮೆ ಈಗೊಮ್ಮೆ ಛಳಕ್ ಅನ್ನುವುದು ನರ ಮತ್ತೆ ಚಿಗುರುವ ಲಕ್ಷಣ, ಅದಕ್ಕೆ ಹೆದರಬೇಡಿ.

ಎರಡನೇ ವಾರ, ಅಥವಾ ಗೊಂಬೆ ಟ್ರಂಕಿನ ಕಥೆ

ಅಪಾಯ ಇರುವುದು ನೋವು ಇದ್ದಾಗಲ್ಲ, ನೋವು ಹೋದಾಗ. ಹನ್ನೆರಡನೇ ದಿನ ನಾನು ಚೆನ್ನಾಗಿದ್ದೆ. ದಸರಾ ಮುಗಿದಿತ್ತು, ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ತುಂಬಿಸಿದ್ದರು. ಎತ್ತಬಾರದು ಅಂದಿದ್ದಾರೆ, ಎಳೆಯಬಾರದು ಅಂದಿಲ್ಲವಲ್ಲ ಅಂತ ಟ್ರಂಕಿನ ಹಿಡಿ ಹಿಡಿದು ಮಂಚದ ಕೆಳಕ್ಕೆ ಒಂದೇ ಒಂದು ಜಗ್ಗು ಜಗ್ಗಿದೆ. ಸಂಜೆ ಬ್ರಾ ಒದ್ದೆ. ಎಡಗಡೆ, ಆ ಎರಡು ಗೆರೆ ಸೇರುವ ಮೂಲೆಯಲ್ಲೇ ಕಡಲೆಬೀಜದಷ್ಟು ಬಾಯಿ ಬಿಟ್ಟಿತ್ತು. ಡಾಕ್ಟರು ಬೈಯಲಿಲ್ಲ. ಟ್ರಂಕು ಎಳೆಯದವರಿಗೂ ಆ ಜಾಗ ಬಿಡುವುದುಂಟು ಅಂದರು. ಮತ್ತೆ ಹೊಲಿಯದೆ ಡ್ರೆಸ್ಸಿಂಗಿನಲ್ಲೇ ಮಾಯಿಸಿದರು. ಮೂರು ವಾರ ಹಿಡಿಯಿತು, ಆ ಗುರುತು ಇನ್ನೂ ಅಗಲವಾಗಿದೆ.

ಅಲ್ಲಿ ಅರಿಶಿನ, ಬೇವಿನೆಣ್ಣೆ, ವಿಭೂತಿ ಯಾವುದನ್ನೂ ಹಚ್ಚಲು ಬಿಡಬೇಡಿ. ಕೆಲವು ವಾರದ ಮೇಲೆ ಮೊಡವೆಯ ಹಾಗೆ ಒಂದು ಗುಳ್ಳೆ ಎದ್ದು ತುದಿಯಲ್ಲಿ ಬಿಳಿ ದಾರ ಇಣುಕಬಹುದು. ಒಳಹೊಲಿಗೆಯ ತುಂಡು ಅದು. ಎಳೆಯಬೇಡಿ, ತೋರಿಸಿ.

ಕೆಲಸಕ್ಕೆ, ಸ್ಕೂಟರಿಗೆ, ಕೆರೆ ಏರಿಗೆ

ಕೂತು ಮಾಡುವ ಕೆಲಸಕ್ಕೆ ಎರಡು ವಾರಕ್ಕೆ ಹೋಗಬಹುದು. ನಾನು ಮೂರು ವಾರಕ್ಕೆ ಹೋದೆ, ಆದರೆ ಬೋರ್ಡಿನ ಮೇಲೆ ಬರೆಯಲು ಆರು ವಾರ ಬಿಡಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳು ಸರದಿ ಮೇಲೆ ಬಂದು ನಾನು ಹೇಳಿದ್ದನ್ನು ಬರೆದರು, ಅವರಿಗೆ ಆ ವರ್ಷ ರೇಖಾಗಣಿತ ಚೆನ್ನಾಗಿ ಬಂತು. ಕಾರು ಓಡಿಸುವುದು ಎರಡು ಮೂರು ವಾರದ ಮೇಲೆ, ಬಲವಾದ ಮಾತ್ರೆ ನಿಲ್ಲಿಸಿ, ಗಕ್ಕನೆ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದರೂ ನೋವಾಗದು ಅನ್ನಿಸಿದಾಗ. ಸ್ಕೂಟರು ಇನ್ನೂ ತಡ, ಸೈಡ್ ಸ್ಟ್ಯಾಂಡು ಮಾತ್ರ.

ನಿಧಾನ ನಡಿಗೆಗೆ ಕುಕ್ಕರಹಳ್ಳಿ ಕೆರೆ ಏರಿ ಹೇಳಿ ಮಾಡಿಸಿದ ಜಾಗ, ಸಮತಟ್ಟು, ನೆರಳು. ಓಟ, ಜಿಮ್ಮು, ಯೋಗದ ಸೂರ್ಯನಮಸ್ಕಾರ ಆರು ವಾರದ ನಂತರ ಡಾಕ್ಟರು ಹೂಂ ಅಂದ ಮೇಲೆ. ಚಾಮುಂಡಿ ಬೆಟ್ಟದ ಮೆಟ್ಟಿಲು ನಾನು ಹತ್ತಿದ್ದು ನಾಲ್ಕನೇ ತಿಂಗಳು. ಎದೆ ಹಿಡಿದುಕೊಳ್ಳದೆ ಮೆಟ್ಟಿಲು ಇಳಿದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಗುರುತು ಮತ್ತು ಗಂಟು

ನಮ್ಮ ಚರ್ಮದ ಬಣ್ಣದವರಿಗೆ ಗುರುತು ಉಬ್ಬುವ, ಗಾಯದ ಗೆರೆ ದಾಟಿ ಬೆಳೆಯುವ (ಕೀಲಾಯ್ಡ್) ಸಂಭವ ಹೆಚ್ಚು. ಕಿವಿ ಚುಚ್ಚಿದ ಜಾಗ ಉಬ್ಬಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕಾನ್ ಜೆಲ್ಲು ಅಥವಾ ಪಟ್ಟಿಯನ್ನು ತಿಂಗಳುಗಟ್ಟಲೆ ಬಿಡದೆ ಬಳಸಬೇಕು. ಗೆರೆ ಮೊದಲು ಕೆಂಪಾಗಿ ದಪ್ಪವಾಗುತ್ತದೆ, ಮಾಸಲು ಒಂದು ಒಂದೂವರೆ ವರ್ಷ. ಒಳಗೆ ಗಟ್ಟಿ ಗಂಟು ಸಿಕ್ಕಿದರೆ ಬಹುಮಟ್ಟಿಗೆ ಸತ್ತ ಕೊಬ್ಬು ಗಟ್ಟಿಯಾದದ್ದು, ಆದರೂ ‘ಬಹುಮಟ್ಟಿಗೆ’ ಅಂತ ನೀವೇ ತೀರ್ಮಾನಿಸಬೇಡಿ. ಮುಂದೆ ಮ್ಯಾಮೊಗ್ರಾಮ್ ಮಾಡಿಸುವಾಗಲೆಲ್ಲ ಈ ಆಪರೇಷನ್ ಆಗಿದೆ ಎಂದು ಹೇಳಿ.

ಬ್ಲೌಸು

ಮೂರು ತಿಂಗಳವರೆಗೆ ಒಂದೇ ಒಂದು ಒಳ್ಳೆಯ ಬ್ರಾಗೂ ದುಡ್ಡು ಹಾಕಬೇಡಿ, ಅಳತೆ ಬದಲಾಗುತ್ತಲೇ ಇರುತ್ತದೆ. ಬ್ಲೌಸುಗಳನ್ನು ಆರು ತಿಂಗಳ ಮೇಲೆ ಟೈಲರಿಗೆ ಕೊಡಿ. ಹೊಸದು ಹೊಲಿಸುವುದಾದರೆ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿಸಿ, ವರ್ಷದವರೆಗೂ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಹಳೆಯದರಲ್ಲಿ ಬರೀ ಪಕ್ಕ ಹಿಡಿದರೆ ಸಾಲದು, ಡಾರ್ಟು ಬಿಚ್ಚಿ ಮೇಲಕ್ಕೆ ಇಡಬೇಕು, ತೋಳಿನ ಕಂಕುಳೂ ಸಡಿಲವಾಗಿರುತ್ತದೆ. ನಮ್ಮ ಬೀದಿಯ ಟೈಲರಮ್ಮ ಟೇಪು ಹಿಡಿದು ಎರಡು ಸಲ ಅಳೆದರು, ತಮ್ಮ ಪುಸ್ತಕದಲ್ಲಿ ನನ್ನ ಹಳೆಯ ಪುಟ ತೆಗೆದು ನೋಡಿದರು, ಏನೂ ಕೇಳದೆ ಹೊಸ ಪುಟ ತಿರುವಿ, “ತೋಳು ಅದೇ ಉದ್ದ ಇರ್ಲಾ ಮೇಡಂ?” ಅಂದರು.